ನೀರು ಒಯ್ದದ್ದು, ಕಲ್ಲು ಉಳಿಸಿಕೊಂಡದ್ದು

ಕೊಲ್ಹಾಪುರದಿಂದ ವಾಯವ್ಯಕ್ಕೆ ಇಪ್ಪತ್ತು ಕಿಲೊಮೀಟರ್ ಹೋದರೆ ಪನ್ಹಾಳಗಡ ಸಿಗುತ್ತದೆ. ಬೆಳಗಾವಿಯಿಂದ ಖಾನಾಪುರದ ಕಡೆಗೆ ರೈಲು ಹತ್ತಿದರೆ ಮೊದಲಿಗೇ ಬರುವ ಸಣ್ಣ ನಿಲ್ದಾಣ ದೇಸೂರು. ಪನ್ಹಾಳ ಯಾರಿಗೆ ಗೊತ್ತಿಲ್ಲ? ಶಾಲೆಯ ಮಕ್ಕಳ ಪ್ರವಾಸ ಅಲ್ಲಿಗೆ ಹೋಗದ ವರ್ಷವಿಲ್ಲ. ದೇಸೂರಿನ ಹೆಸರು ಮಾತ್ರ ಪಕ್ಕದ ತಾಲೂಕಿನವರಿಗೂ ಅಷ್ಟಕ್ಕಷ್ಟೇ. ಆದರೆ ಜ್ವಾಲಾಮುಖಿ ಕಲ್ಲುಗಳ ಅಭ್ಯಾಸ ಮಾಡುವ ಭೂವಿಜ್ಞಾನಿ ಜಗತ್ತಿನ ಯಾವ ಮೂಲೆಯವರೇ ಇರಲಿ, ಈ ಎರಡೂ ಹೆಸರುಗಳನ್ನು ಓದಿಯೇ ಇರುತ್ತಾರೆ. ದಖ್ಖನ್ನಿನ ಕರಿಕಲ್ಲಿನ ರಾಶಿಯಲ್ಲಿ ತೀರ ಮೇಲಿನ ಎರಡು ಸ್ತರಗಳಿಗೆ ಇಟ್ಟ ಹೆಸರುಗಳವು: ಪನ್ಹಾಳ ಸ್ತರ, ದೇಸೂರು ಸ್ತರ.

ಈ ಹೆಸರುಗಳು ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅದಕ್ಕೂ ಮುಂಚೆ ಸಹ್ಯಾದ್ರಿಯ ಕಲ್ಲೆಂದರೆ ಒಂದರ ಮೇಲೊಂದು ಹರಿದು ಹೆಪ್ಪುಗಟ್ಟಿದ ಲಾವಾ ಎಂಬಷ್ಟೇ ತಿಳಿವಳಿಕೆ ಇತ್ತು. ಯಾವ ಹರಿವು ಯಾವಾಗ ಬಂತು, ಮಹಾಬಳೇಶ್ವರದ ಕಲ್ಲಿಗೂ ಬೆಳಗಾವಿಯ ಕಲ್ಲಿಗೂ ಏನು ಸಂಬಂಧ ಎಂದು ಕಣ್ಣಿನಿಂದ ನೋಡಿ ಹೇಳುವುದು ಕಷ್ಟವಾಗಿತ್ತು. ಎಲ್ಲವೂ ಕಪ್ಪು, ಎಲ್ಲವೂ ಗಟ್ಟಿ, ಸುತ್ತಿಗೆಯ ಏಟಿಗೆ ಎಲ್ಲದರದ್ದೂ ಒಂದೇ ಸದ್ದು. ಈ ಗೊಂದಲ ಬಿಡಿಸಿದ್ದು ಕಲ್ಲಿನಲ್ಲಿ ತೀರ ಸ್ವಲ್ಪ ಇರುವ ಧಾತುಗಳು.

ಕರಿಕಲ್ಲಿನ ಬಹುಭಾಗ ಸಿಲಿಕಾನ್, ಅಲ್ಯೂಮಿನಿಯಮ್, ಕಬ್ಬಿಣ, ಕ್ಯಾಲ್ಸಿಯಮ್, ಮೆಗ್ನೀಸಿಯಮ್, ಇವುಗಳ ಜೊತೆ ಆಮ್ಲಜನಕ. ಇವುಗಳ ಪ್ರಮಾಣ ಒಂದು ಹರಿವಿನಿಂದ ಇನ್ನೊಂದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಬದಲಾಗುವುದು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಇರುವ ಸ್ಟ್ರಾನ್ಷಿಯಮ್, ಬೇರಿಯಮ್, ಜಿರ್ಕೋನಿಯಮ್, ನಿಯೋಬಿಯಮ್‌ಗಳಂಥವು. ಭೂರಸಾಯನ ವಿಜ್ಞಾನದಲ್ಲಿ ಇವಕ್ಕೆ ಲೇಶ ಧಾತುಗಳು ಎನ್ನುತ್ತಾರೆ. ಒಂದು ಟನ್ ಕಲ್ಲಿನಲ್ಲಿ ಇನ್ನೂರು ಗ್ರಾಂ ಸ್ಟ್ರಾನ್ಷಿಯಮ್ ಇದೆಯೋ ಇನ್ನೂರೈವತ್ತು ಗ್ರಾಂ ಇದೆಯೋ ಎಂಬ ಲೆಕ್ಕದ ಮೇಲೆ ಸಹ್ಯಾದ್ರಿಯ ಮೇಲ್ಭಾಗವನ್ನು ಕೆಳಗಿನಿಂದ ಮೇಲಕ್ಕೆ ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ, ಪನ್ಹಾಳ, ದೇಸೂರು ಎಂದು ವಿಂಗಡಿಸಿದರು. ಪನ್ಹಾಳದ ಕಲ್ಲಿನಲ್ಲಿ ಟೈಟೇನಿಯಮ್, ಸ್ಟ್ರಾನ್ಷಿಯಮ್ ಎರಡೂ ಕಡಿಮೆ. ಸ್ಟ್ರಾನ್ಷಿಯಮ್‌ನ ಎರಡು ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳ, ಅನುಪಾತ ಅಂಬೇನಳಿಯಲ್ಲಿ ಸುಮಾರು 0.704 ಇದ್ದರೆ ದೇಸೂರಿನಲ್ಲಿ 0.707 ದಾಟುತ್ತದೆ. ಮೂರನೇ ದಶಾಂಶದ ಈ ವ್ಯತ್ಯಾಸ ಸಣ್ಣದಲ್ಲ. ದೇಸೂರಿನ ಲಾವಾ ಮೇಲೆ ಬರುವಾಗ ಹಳೆಯ ಖಂಡದ ಕಲ್ಲನ್ನು ಕರಗಿಸಿಕೊಂಡು ಬಂದಿರಬೇಕು ಎಂಬುದಕ್ಕೆ ಅದು ಸುಳಿವು.

ಇಷ್ಟು ಸ್ವಲ್ಪ ಇರುವ ವಸ್ತು ಇಷ್ಟು ದೊಡ್ಡ ಸಾಕ್ಷಿ ಹೇಳುವುದು ಹೇಗೆ? ಪ್ರತಿಯೊಂದು ಧಾತುವಿಗೂ ಒಂದು ಸ್ವಭಾವವಿದೆ. ಕೆಲವು ನೀರು ಕರೆದರೆ ಹೊರಟುಬಿಡುತ್ತವೆ, ಕೆಲವು ಎಷ್ಟೇ ಕರೆದರೂ ಕದಲುವುದಿಲ್ಲ. ಇಚಲಕರಂಜಿಯ ನೂಲಿನ ಮಾರುಕಟ್ಟೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದೇ ಸೀರೆಯಲ್ಲಿ ಅಂಚಿನ ಕೆಂಪು ಮೊದಲ ನೀರಿಗೇ ಬಣ್ಣ ಬಿಟ್ಟು ಬಕೆಟ್ಟೆಲ್ಲ ಕೆಂಪಾಗುತ್ತದೆ, ಒಡಲಿನ ನೀಲಿ ಪಕ್ಕಾ ಬಣ್ಣವಾಗಿ ಹತ್ತು ಸಲ ಒಗೆದರೂ ಹಾಗೇ ನಿಲ್ಲುತ್ತದೆ. ಒಗೆದ ಮೇಲೆ ಸೀರೆಯಲ್ಲಿ ಉಳಿದದ್ದನ್ನೂ ಬಕೆಟ್ಟಿನಲ್ಲಿ ಇಳಿದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಎಷ್ಟು ನೀರು ಹರಿದಿದೆ, ಆ ನೀರು ಎಷ್ಟು ಬಿಸಿ ಇತ್ತು ಎಂದು ಅಂದಾಜು ಮಾಡಬಹುದು. ಕಲ್ಲಿನ ವಿಷಯದಲ್ಲೂ ಲೆಕ್ಕ ಅದೇ. ಬೋರಾನ್, ಸೀಸಿಯಮ್, ಬೇರಿಯಮ್, ಸ್ಟ್ರಾನ್ಷಿಯಮ್, ಸೀಸ, ಆರ್ಸೆನಿಕ್ ಇವು ಬಣ್ಣ ಬಿಡುವ ಜಾತಿ. ನಿಯೋಬಿಯಮ್, ಟ್ಯಾಂಟಲಮ್, ಟೈಟೇನಿಯಮ್, ಜಿರ್ಕೋನಿಯಮ್, ಥೋರಿಯಮ್ ಪಕ್ಕಾ ಜಾತಿ.

ಈ ವಿಂಗಡಣೆ ಭೂಮಿಯ ಮೇಲೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ನಡೆಯುವ ಜಾಗಗಳೆಂದರೆ ಸಬ್‌ಡಕ್ಷನ್ ವಲಯಗಳು, ಅಂದರೆ ಸಮುದ್ರದಡಿಯ ಒಂದು ಭೂಫಲಕ ಇನ್ನೊಂದರ ಕೆಳಗೆ ಜಾರಿ ಭೂಗರ್ಭಕ್ಕೆ ಇಳಿಯುವ ಕಡೆಗಳು. ಕೊಲ್ಹಾಪುರ ಸೀಮೆ ಅಂಥ ಜಾಗವಲ್ಲ. ಇಲ್ಲಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಬಿಸಿ ಏರಿಕೆಯಿಂದ ಬಂದದ್ದು, ಆ ಏರಿಕೆ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಆದರೆ ನಾವು ನಿಂತಿರುವ ಭಾರತ ಫಲಕದ ಪೂರ್ವದ ಅಂಚು ಈ ಹೊತ್ತಿಗೂ ಅಂಡಮಾನ್ ಮತ್ತು ಸುಮಾತ್ರಾದ ಅಡಿಗೆ ಇಳಿಯುತ್ತಲೇ ಇದೆ. 2004ರ ಡಿಸೆಂಬರ್ 26ರ ಸುನಾಮಿ ಬಂದದ್ದು ಆ ಇಳಿತದಿಂದಲೇ.

ಇಳಿಯುವ ಫಲಕದ ಬೆನ್ನ ಮೇಲೆ ಕೆಸರಿರುತ್ತದೆ. ಸುಮಾತ್ರಾದ ಮುಂದಿನ ಕಂದಕದ ಬಳಿ ಈ ಹೂಳು ನಾಲ್ಕೈದು ಕಿಲೊಮೀಟರ್ ದಪ್ಪ. ಬಹುಪಾಲು ಹಿಮಾಲಯ ಸವೆದು, ಗಂಗಾ ಬ್ರಹ್ಮಪುತ್ರಾ ಹೊತ್ತು ತಂದು ಬಂಗಾಳ ಉಪಸಾಗರಕ್ಕೆ ಸುರಿದದ್ದು. ಅದರಡಿಗೆ ಇನ್ನೂ ಹಳೆಯ, ತೆಳ್ಳಗಿನ ಆಳಸಮುದ್ರದ ಕೆಸರು. ಸಮುದ್ರತಳದ ಹೊಸ ಕೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಈ ನೀರು ಮೂರು ಹಂತಗಳಲ್ಲಿ ಹೊರಬೀಳುತ್ತದೆ, ಪ್ರತಿ ಹಂತದಲ್ಲೂ ಬೇರೆ ಬೇರೆ ಧಾತುಗಳನ್ನು ಕರೆದುಕೊಂಡು ಹೋಗುತ್ತದೆ.

ಮೊದಲ ಹಂತ ಹಿಂಡುವುದು. ಮೇಲಿನ ಭಾರಕ್ಕೆ ಕಣಗಳ ನಡುವಿನ ನೀರು ಹೊರಗೆ ಬರುತ್ತದೆ. ಇದು ಹೆಚ್ಚುಕಡಿಮೆ ಸಮುದ್ರದ ನೀರೇ, ರಸಾಯನದ ದೃಷ್ಟಿಯಿಂದ ಇದರಲ್ಲಿ ಹೇಳಿಕೊಳ್ಳುವಂಥದ್ದು ಕಡಿಮೆ. ಎರಡನೆಯದು ಜೇಡಿಯೊಳಗೇ ಬಂದಿಯಾದ ನೀರು. ಎರೆ ಹೊಲ ಇರುವವರಿಗೆ ಈ ಜೇಡಿ ಗೊತ್ತು. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುವ ಎರೆ ಮಣ್ಣಿನಲ್ಲಿರುವುದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ, ಅದರ ಪದರ ಪದರಗಳ ಮಧ್ಯೆ ನೀರು ಕೂತಿರುತ್ತದೆ. ಅದೇ ಖನಿಜ ಸಮುದ್ರದ ಹೂಳಿನಲ್ಲೂ ಇದೆ. ಶಾಖ 60ರಿಂದ 150 ಡಿಗ್ರಿ ಸೆಲ್ಸಿಯಸ್ ನಡುವೆ ಏರುವಾಗ ಸ್ಮೆಕ್ಟೈಟ್ ಇಲ್ಲೈಟ್ ಎಂಬ ಇನ್ನೊಂದು ಜೇಡಿಯಾಗಿ ಬದಲಾಗಿ ಪದರದ ನೀರನ್ನು ಬಿಟ್ಟುಕೊಡುತ್ತದೆ. ಆ ನೀರಿನಲ್ಲಿ ಉಪ್ಪಿಲ್ಲ. ಬದಲಿಗೆ ಜೇಡಿಗೆ ಅಂಟಿಕೊಂಡಿದ್ದ ಬೋರಾನ್, ಲಿಥಿಯಮ್ ಅದರಲ್ಲಿ ಇಳಿಯುತ್ತವೆ.

ಬೋರಾನ್ ಕತೆ ಸ್ವಲ್ಪ ವಿವರವಾಗಿ ನೋಡುವಂಥದ್ದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಬೋರಾನ್ ನಾಲ್ಕೂವರೆ ಮಿಲಿಗ್ರಾಂ. ಸಮುದ್ರದ ಜೇಡಿ ಅದನ್ನು ಹೀರಿ ಹೀರಿ ಟನ್ನಿಗೆ ನೂರು ಗ್ರಾಂ ವರೆಗೆ ಕೂಡಿಹಾಕಿಕೊಳ್ಳುತ್ತದೆ. ಭೂಮಿಯ ಹೊರಚಿಪ್ಪಿನ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್‌ನಲ್ಲಿಯೋ, ಟನ್ನಿಗೆ ಅರ್ಧ ಗ್ರಾಂ ಕೂಡ ಇಲ್ಲ. ಹೀಗಾಗಿ ಒಂದು ಜ್ವಾಲಾಮುಖಿಯ ಲಾವಾದಲ್ಲಿ ಬೋರಾನ್ ಹೆಚ್ಚಿದೆ ಎಂದರೆ ಅದಕ್ಕೆ ಮೇಲಿನಿಂದ, ಸಮುದ್ರದ ಕಡೆಯಿಂದ ಸರಬರಾಜಾಗಿದೆ ಎಂದೇ ಅರ್ಥ. ಕಂದಕಕ್ಕೆ ಹತ್ತಿರದ ಜ್ವಾಲಾಮುಖಿಗಳಲ್ಲಿ ನಿಯೋಬಿಯಮ್‌ಗೆ ಹೋಲಿಸಿದರೆ ಬೋರಾನ್ ಹೆಚ್ಚು, ಹಿಂದಿನ ಸಾಲಿನವುಗಳಲ್ಲಿ ಕಡಿಮೆ. ಫಲಕ ಆಳಕ್ಕೆ ಹೋದಂತೆ ಬೋರಾನ್ ಖಾಲಿಯಾಗುತ್ತಾ ಹೋಗುತ್ತದೆ. ನಿಯೋಬಿಯಮ್ ಕದಲುವುದಿಲ್ಲವಾದ್ದರಿಂದ ಅಳತೆಗೋಲು ಅದೇ.

ಈ ಎರಡನೇ ಹಂತದ ನೀರನ್ನು ಜಗತ್ತಿನಲ್ಲಿ ಒಂದೆರಡು ಕಡೆ ನೇರವಾಗಿ ಹಿಡಿದು ನೋಡಲು ಸಾಧ್ಯವಾಗಿದೆ. ಪೆಸಿಫಿಕ್ ಸಾಗರದ ಮರಿಯಾನಾ ಕಂದಕದ ಪಕ್ಕ ಸಮುದ್ರತಳದಲ್ಲಿ ಕೆಸರಿನ ಗುಡ್ಡಗಳಿವೆ. ಲಾವಾ ಅಲ್ಲ, ಸರ್ಪೆಂಟೈನ್ ಎಂಬ ಖನಿಜದ ತಣ್ಣನೆಯ ಹಸಿರು ಕೆಸರು ಉಕ್ಕಿ ಬಂದು ಆದ ಗುಡ್ಡಗಳು. ಅವುಗಳಿಂದ ಒಸರುವ ನೀರು ಕೆಳಗೆ ಇಳಿಯುತ್ತಿರುವ ಫಲಕದಿಂದ ಬಂದದ್ದು. ಅದರ ಪಿಎಚ್ ಕೆಲವು ಕಡೆ 12 ದಾಟುತ್ತದೆ, ಅಂದರೆ ತೀಕ್ಷ್ಣ ಕ್ಷಾರ. ಕಂದಕದಿಂದ ದೂರ ಹೋದಷ್ಟೂ, ಅಂದರೆ ಅಡಿಯ ಫಲಕ ಆಳವಾದಷ್ಟೂ, ಆ ನೀರಿನಲ್ಲಿ ಪೊಟ್ಯಾಸಿಯಮ್, ರುಬಿಡಿಯಮ್, ಸೀಸಿಯಮ್, ಬೋರಾನ್ ಹೆಚ್ಚುತ್ತಾ ಹೋಗುವುದನ್ನು ಸಂಶೋಧಕರು ಅಳೆದಿದ್ದಾರೆ. ಯಾವ ಧಾತು ಯಾವ ಆಳದಲ್ಲಿ ಕಲ್ಲು ಬಿಟ್ಟು ಹೊರಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಇನ್ನೊಂದಿಲ್ಲ.

ನಮ್ಮ ಕಡೆಯ ಸಮುದ್ರದಲ್ಲೂ ಹುಡುಕಾಟ ನಡೆದಿದೆ. 2016ರಲ್ಲಿ ಜಾಯಿಡಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು ಸುಮಾತ್ರಾದ ಪಶ್ಚಿಮಕ್ಕೆ ನಿಂತು, ಇನ್ನೂ ಕಂದಕ ಸೇರದ ಹೂಳಿನಲ್ಲಿ 1,400 ಮೀಟರಿಗೂ ಆಳ ಕೊರೆಯಿತು. ಅಡಿಯ ಹಳೆಯ ಕೆಸರಿನ ಪದರದಲ್ಲಿ ಸಿಕ್ಕ ನೀರಿನಲ್ಲಿ ಉಪ್ಪು ಸಮುದ್ರದ ನೀರಿಗಿಂತ ಕಡಿಮೆ ಇತ್ತು. ಮೇಲಿನಿಂದ ಹಿಮಾಲಯದ ಹೂಳು ದಪ್ಪವಾಗಿ ಬಿದ್ದು ಅಡಿಯ ಕೆಸರು ಬಿಸಿಯಾಗಿ, ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪುಗಳು ತಮ್ಮೊಳಗಿನ ನೀರನ್ನು ಆಗಲೇ ಬಿಟ್ಟುಕೊಟ್ಟಿದ್ದವು. ಫಲಕ ಇಳಿಯುವ ಮೊದಲೇ ಹೂಳು ಒಣಗಿ ಗಟ್ಟಿಯಾಗಿತ್ತು. ಮೆತ್ತಗಿನ ಹಸಿ ಕೆಸರು ಒತ್ತಡವನ್ನು ಹಿಡಿದಿಡಲಾರದು, ಗಟ್ಟಿಯಾದದ್ದು ಹಿಡಿದಿಡುತ್ತದೆ. 2004ರಲ್ಲಿ ಬಿರುಕು ಸಮುದ್ರತಳದ ಸಮೀಪದವರೆಗೂ ಜಾರಿ ಅಷ್ಟು ದೊಡ್ಡ ಅಲೆ ಎದ್ದದ್ದಕ್ಕೆ ಇದು ಒಂದು ಕಾರಣ ಎಂದು ಆ ಹಡಗಿನ ಸಂಶೋಧಕರ ತಂಡ 2017ರಲ್ಲಿ ಬರೆಯಿತು. ಕೆಸರು ಯಾವಾಗ ನೀರು ಬಿಡುತ್ತದೆ ಎಂಬ ಒಣ ಪ್ರಶ್ನೆ ಲಕ್ಷಾಂತರ ಜನರ ಪ್ರಾಣದ ಪ್ರಶ್ನೆಯೂ ಆಗುವುದು ಹೀಗೆ.

ಮೂರನೇ ಹಂತ ಎಂಬತ್ತು, ನೂರು ಕಿಲೊಮೀಟರ್ ಆಳದ್ದು. ಅಷ್ಟು ಹೊತ್ತಿಗೆ ಜೇಡಿಯೆಲ್ಲ ಬೆಳ್ಳಗಿನ ಅಭ್ರಕವಾಗಿ ಬದಲಾಗಿರುತ್ತದೆ. ಪೊಟ್ಯಾಸಿಯಮ್, ಬೇರಿಯಮ್, ಉಳಿದ ಸೀಸಿಯಮ್ ಅದರೊಳಗೆ ಸೇರಿರುತ್ತವೆ. ಅಲ್ಲಿಯ ಶಾಖ 700, 800 ಡಿಗ್ರಿ. ಆ ಒತ್ತಡದಲ್ಲಿ ನೀರು ನಮಗೆ ಗೊತ್ತಿರುವ ನೀರಾಗಿ ಉಳಿಯುವುದಿಲ್ಲ. ಅದು ಸಿಲಿಕಾವನ್ನು, ಇನ್ನೂ ಎಷ್ಟೋ ಖನಿಜಗಳನ್ನು ಧಾರಾಳವಾಗಿ ಕರಗಿಸಿಕೊಳ್ಳುವ ದಟ್ಟ ದ್ರವ. ಇನ್ನೂ ಬಿಸಿಯಾದರೆ ಹೂಳೇ ಕರಗಲು ಶುರುವಾಗುತ್ತದೆ. ನೀರಿಗೆ ಜಗ್ಗದ ಥೋರಿಯಮ್ ಕೂಡ ಕರಗಿದ ಹೂಳಿನ ಜೊತೆ ಹೊರಡುತ್ತದೆ. ಹೀಗಾಗಿ ಲಾವಾದಲ್ಲಿ ಬೇರಿಯಮ್ ಮಾತ್ರ ಹೆಚ್ಚಿದ್ದರೆ ನೀರಿನ ಕೆಲಸ, ಥೋರಿಯಮ್ ಸಹ ಹೆಚ್ಚಿದ್ದರೆ ಹೂಳು ಕರಗಿದ ಕೆಲಸ ಎಂದು ಬೇರ್ಪಡಿಸಿ ಹೇಳಬಹುದು. ನಿಯೋಬಿಯಮ್, ಟ್ಯಾಂಟಲಮ್, ಟೈಟೇನಿಯಮ್ ಆಗಲೂ ರೂಟೈಲ್ ಎಂಬ ಖನಿಜವನ್ನು ಹಿಡಿದುಕೊಂಡು ಹಿಂದೆ ಉಳಿಯುತ್ತವೆ, ಫಲಕದ ಜೊತೆ ಆಳಕ್ಕೆ ಹೋಗುತ್ತವೆ.

ಬಿಡುಗಡೆಯಾದ ದ್ರವ ಮೇಲಿನ ಮ್ಯಾಂಟಲ್‌ಗೆ ಏರುತ್ತದೆ. ಒಣ ಮ್ಯಾಂಟಲ್ ಕರಗಲು 1,300 ಡಿಗ್ರಿಗೂ ಹೆಚ್ಚು ಶಾಖ ಬೇಕು, ನೀರು ಬೆರೆತರೆ ನೂರಾರು ಡಿಗ್ರಿ ಕಡಿಮೆಗೇ ಕರಗುತ್ತದೆ. ಸಾಗರದ ನಡುವಿನ ಬಿರುಕುಗಳ ಲಾವಾದಲ್ಲಿ ನೀರು ತೂಕದಲ್ಲಿ ಅರ್ಧ ಶೇಕಡಕ್ಕಿಂತ ಕಡಿಮೆ, ಸಬ್‌ಡಕ್ಷನ್ ಜ್ವಾಲಾಮುಖಿಗಳ ಲಾವಾದಲ್ಲಿ ಸರಾಸರಿ ನಾಲ್ಕು ಶೇಕಡದಷ್ಟು. ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ, ಪೋರ್ಟ್ ಬ್ಲೇರ್‌ನಿಂದ ಸುಮಾರು 135 ಕಿಲೊಮೀಟರ್ ದೂರದ ಬ್ಯಾರನ್ ದ್ವೀಪ, ಉಗುಳುತ್ತಿರುವುದು ಹೀಗೆ ನೀರು ಕುಡಿದು ಕರಗಿದ ಕಲ್ಲನ್ನೇ. 1787ರ ಅದರ ಸ್ಫೋಟ ದಾಖಲೆಯಲ್ಲಿದೆ. ದೀರ್ಘ ಮೌನದ ನಂತರ 1991ರಲ್ಲಿ ಮತ್ತೆ ಎಚ್ಚೆತ್ತು ಆಗಾಗ ಹೊಗೆ, ಬೂದಿ, ಲಾವಾ ಹಾಕುತ್ತಲೇ ಇದೆ.

ಲಾವಾದಲ್ಲಿ ಸಮುದ್ರದ ಕೆಸರು ನಿಜಕ್ಕೂ ಇದೆಯೇ, ಅಥವಾ ಇದೆಲ್ಲ ತರ್ಕವೇ ಎಂಬ ಅನುಮಾನ ವಿಜ್ಞಾನಿಗಳಿಗೂ ಬಹುಕಾಲ ಇತ್ತು. ಅದನ್ನು ಪರಿಹರಿಸಿದ್ದು ಬೆರಿಲಿಯಮ್-10 ಎಂಬ ವಿಕಿರಣಶೀಲ ಐಸೊಟೋಪು. ಇದು ನೆಲದೊಳಗೆ ಹುಟ್ಟುವುದಿಲ್ಲ. ಬಾಹ್ಯಾಕಾಶದ ಕಿರಣಗಳು ವಾತಾವರಣದ ಸಾರಜನಕ, ಆಮ್ಲಜನಕಗಳಿಗೆ ಬಡಿದಾಗ ಹುಟ್ಟಿ ಮಳೆಯ ಜೊತೆ ಸಮುದ್ರಕ್ಕೆ ಬಿದ್ದು ಕೆಸರಿಗೆ ಸೇರುತ್ತದೆ. ಸುಮಾರು 14 ಲಕ್ಷ ವರ್ಷಗಳಿಗೆ ಅರ್ಧ ಕ್ಷಯವಾಗುತ್ತದೆ, ಒಂದು ಕೋಟಿ ವರ್ಷ ಕಳೆದರೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಗಿಬಿಡುತ್ತದೆ. 1980ರ ದಶಕದಲ್ಲಿ ಸಬ್‌ಡಕ್ಷನ್ ಜ್ವಾಲಾಮುಖಿಗಳ ಹೊಸ ಲಾವಾದಲ್ಲಿ ಇದು ಪತ್ತೆಯಾಯಿತು, ಹವಾಯಿಯಂಥ ಜ್ವಾಲಾಮುಖಿಗಳಲ್ಲಿ ಸಿಗಲಿಲ್ಲ. ಆಕಾಶದಿಂದ ಬಿದ್ದದ್ದು ಕೆಸರಾಗಿ, ನೂರು ಕಿಲೊಮೀಟರ್ ಇಳಿದು, ಕೆಲವೇ ದಶಲಕ್ಷ ವರ್ಷಗಳಲ್ಲಿ ಮತ್ತೆ ಮೇಲೆ ಬಂದಿತ್ತು. 1993ರಲ್ಲಿ ಭೂರಸಾಯನ ವಿಜ್ಞಾನಿಗಳಾದ ಟೆರಿ ಪ್ಲಾಂಕ್ ಮತ್ತು ಚಾರ್ಲ್ಸ್ ಲ್ಯಾಂಗ್ಮ್ಯೂರ್ ಬೇರೆ ಬೇರೆ ಕಂದಕಗಳ ಹೊರಗಿನ ಹೂಳನ್ನೂ ಒಳಗಿನ ಜ್ವಾಲಾಮುಖಿಗಳ ಲಾವಾವನ್ನೂ ಹೋಲಿಸಿ, ಬೇರಿಯಮ್ ಹೆಚ್ಚು ಇಳಿಯುವ ಕಡೆ ಬೇರಿಯಮ್ ಹೆಚ್ಚು ಏರುತ್ತದೆ, ಥೋರಿಯಮ್ ಇಳಿಯುವ ಕಡೆ ಥೋರಿಯಮ್ ಏರುತ್ತದೆ ಎಂದು ತೋರಿಸಿದರು. ಆಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಇಷ್ಟಾದ ಮೇಲೆ ಭೂವಿಜ್ಞಾನಿಗಳ ಕೈಗೆ ಒಂದು ಗುರುತು ಸಿಕ್ಕಿತು. ಬೇರಿಯಮ್, ಸ್ಟ್ರಾನ್ಷಿಯಮ್, ಸೀಸ ಹೆಚ್ಚಿದ್ದು ನಿಯೋಬಿಯಮ್ ಕಡಿಮೆ ಇದ್ದರೆ, ಆ ಕಲ್ಲು ಹುಟ್ಟಿದ ಜಾಗದಲ್ಲಿ ಫಲಕ ಇಳಿದಿತ್ತು, ನೀರು ಏರಿತ್ತು. ಈ ಗುರುತನ್ನು ಹಿಡಿದು ಹಳೆಯ ಕಲ್ಲುಗಳ ಹುಟ್ಟಿನ ಜಾಡು ಹುಡುಕಬಹುದು. ಆದರೆ ಎಚ್ಚರವೂ ಬೇಕು. ದಖ್ಖನ್ನಿನ ಕೆಳಗಿನ ಕೆಲವು ಸ್ತರಗಳಲ್ಲೂ ನಿಯೋಬಿಯಮ್ ಕಡಿಮೆ ಇದೆ. ಅದು ಸಬ್‌ಡಕ್ಷನ್ನಿನಿಂದ ಅಲ್ಲ. ಬಿಸಿ ಲಾವಾ ಹಳೆಯ ಖಂಡದ ಕಲ್ಲನ್ನು ಕರಗಿಸಿಕೊಂಡು ಬರುವಾಗ ಆ ಹಳೆಯ ಕಲ್ಲಿನ ಗುರುತೂ ಜೊತೆಗೆ ಬಂದದ್ದು. ಒಂದೇ ಧಾತುವಿನ ಮಾತು ಕೇಳಿ ತೀರ್ಪು ಕೊಡಬಾರದು ಎಂಬ ಪಾಠವನ್ನು ನಮ್ಮ ಸಹ್ಯಾದ್ರಿಯೂ ಕಲಿಸುತ್ತದೆ.

ಹಾಗಾದರೆ ಆ ಹಳೆಯ ಕಲ್ಲು ಎಲ್ಲಿಯದು? ಗಡಹಿಂಗ್ಲಜದಿಂದ ಸಂಕೇಶ್ವರ ದಾಟಿ ದಕ್ಷಿಣಕ್ಕೆ ಹೊರಟರೆ ಕರಿಕಲ್ಲಿನ ಹೊದಿಕೆ ತೆಳುವಾಗುತ್ತಾ ಬಂದು ಬೆಳಗಾವಿಯ ಆಚೆ ಮುಗಿಯುತ್ತದೆ. ಅಡಿಯಿಂದ ಧಾರವಾಡದ ಹೆಸರು ಹೊತ್ತ ಪುರಾತನ ಶಿಲೆಗಳು ಹೊರಬರುತ್ತವೆ. ಗದಗಿನ ಸುತ್ತ, ಕಪ್ಪತಗುಡ್ಡದ ಸಾಲಿನಲ್ಲಿ, ಹಟ್ಟಿ, ಮಸ್ಕಿಯ ಕಡೆ ಇವನ್ನು ಕಾಣಬಹುದು. ಇವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಹೆಚ್ಚು. ಗದಗಿನ ಗ್ರೇವ್ಯಾಕ್ ಎಂಬ ಕಲ್ಲು ಆಗಿನ ಸಮುದ್ರದ ಹೂಳೇ, ಜ್ವಾಲಾಮುಖಿ ಚೂರುಗಳು ಬೆರೆತ ಹೂಳು. ರಾಯಚೂರಿನ ಪಕ್ಕದ ಗದ್ವಾಲದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಸಿ. ಮಾಣಿಕ್ಯಾಂಬ ಮತ್ತು ಸಂಗಡಿಗರು ಬೋನಿನೈಟ್ ಎಂಬ ಅಪರೂಪದ ಲಾವಾ ಗುರುತಿಸಿ 2005ರಲ್ಲಿ ಪ್ರಕಟಿಸಿದರು. ಇಂದಿನ ಜಗತ್ತಿನಲ್ಲಿ ಬೋನಿನೈಟ್ ಮುಖ್ಯವಾಗಿ ಸಿಗುವುದು ಸಬ್‌ಡಕ್ಷನ್ ವಲಯದ ಮುಂಭಾಗದಲ್ಲಿ, ನೀರು ಹೇರಳವಾಗಿ ಏರುವ ಕಡೆ. ಅಷ್ಟು ಹಿಂದೆ ಭೂಮಿ ಇನ್ನೂ ಬಿಸಿಯಾಗಿದ್ದಾಗ ಫಲಕಗಳು ಇಂದಿನಂತೆಯೇ ಇಳಿಯುತ್ತಿದ್ದವೋ ಇಲ್ಲವೋ ಎಂಬ ವಾದ ಈಗಲೂ ಜೋರಾಗಿದೆ. ಇಳಿಯುತ್ತಿದ್ದವು ಎನ್ನುವವರ ಕೈಯಲ್ಲಿರುವ ದಾಖಲೆಗಳಲ್ಲಿ ನಮ್ಮ ಈ ಕಲ್ಲುಗಳ ಲೇಶ ಧಾತುಗಳೂ ಸೇರಿವೆ.

ಅದೇ ಕಲ್ಲುಗಳಲ್ಲಿ ಬಂಗಾರವೂ ಇದೆ. ಸಾಧಾರಣ ಕಲ್ಲಿನಲ್ಲಿ ಬಂಗಾರ ಟನ್ನಿಗೆ ಒಂದು ಗ್ರಾಮಿನ ಸಾವಿರದ ಕೆಲವೇ ಪಾಲು. ಹಟ್ಟಿಯ ಅದಿರಿನಲ್ಲಿ ಟನ್ನಿಗೆ ಕೆಲವು ಗ್ರಾಂ. ಸಾವಿರ ಪಟ್ಟು ಹೆಚ್ಚಿಸಿದ್ದು ಯಾರು? ನೀರೇ. ಆಳದಲ್ಲಿ ಹೂಳು, ಲಾವಾಗಳು ಬಿಸಿಯಾಗಿ ಬಿಟ್ಟ ನೀರು, ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಮತ್ತು ಗಂಧಕ. ಗಂಧಕ ಬಂಗಾರವನ್ನು ಕಟ್ಟಿಕೊಂಡು 300, 400 ಡಿಗ್ರಿ ಶಾಖದಲ್ಲಿ ಬಿರುಕುಗಳಲ್ಲಿ ಏರಿತು. ಕಬ್ಬಿಣ ಹೆಚ್ಚಿರುವ ಕಲ್ಲು ಎದುರಾದಾಗ ಗಂಧಕ ಕಬ್ಬಿಣದ ಜೊತೆ ಸೇರಿತು, ಬಂಗಾರ ಅಲ್ಲೇ ಬಿತ್ತು. ಅದರ ಜೊತೆ ಬಂದ ಇನ್ನೊಂದು ಪ್ರಯಾಣಿಕ ಆರ್ಸೆನಿಕ್. ಹಟ್ಟಿಯ ಬಂಗಾರದ ಸಂಗಡ ಆರ್ಸೆನೊಪೈರೈಟ್ ಎಂಬ ಖನಿಜ ಸಿಗುವುದು ಇದಕ್ಕೇ. ನೀರು ಬಂಗಾರ ಬೇರೆ, ವಿಷ ಬೇರೆ ಎಂದು ನೋಡುವುದಿಲ್ಲ, ಕರಗುವುದೆಲ್ಲವನ್ನೂ ಒಯ್ಯುತ್ತದೆ.

ಆ ಪ್ರಯಾಣ ಇನ್ನೂ ಮುಗಿದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಮಂಗಳೂರು ಎಂಬಲ್ಲಿ ಹಿಂದೆ ಬಂಗಾರದ ಗಣಿ ಇತ್ತು. ಅದರ ಸಮೀಪದ ಕಿರದಳ್ಳಿ ತಾಂಡಾದ ಜನರ ಚರ್ಮದ ಮೇಲೆ ಕಲೆ, ಅಂಗೈ ಅಂಗಾಲಲ್ಲಿ ಗಂಟುಗಳು ಕಾಣಿಸಿಕೊಂಡವು. ಜಾಧವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಅಲ್ಲಿಯ ನೀರು, ಜನರ ಕೂದಲು, ಉಗುರು ಪರೀಕ್ಷಿಸಿ, ಕಾರಣ ಆರ್ಸೆನಿಕ್ ಎಂದು 2013ರಲ್ಲಿ ಪ್ರಕಟಿಸಿದರು. 250 ಕೋಟಿ ವರ್ಷಗಳ ಹಿಂದೆ ಬಿಸಿ ನೀರು ತಂದಿಟ್ಟಿದ್ದನ್ನು ಇಂದಿನ ತಣ್ಣನೆಯ ಅಂತರ್ಜಲ ಎತ್ತಿ ಕೊಡದಲ್ಲಿ ತುಂಬಿಕೊಟ್ಟಿತ್ತು.

ಕೊಲ್ಹಾಪುರ ಸೀಮೆಯ ಕರಿಕಲ್ಲಿನಲ್ಲಿ ಆರ್ಸೆನಿಕ್ ಸ್ವಭಾವತಃ ಕಡಿಮೆ, ಅದು ಈ ಕಡೆಯವರ ಭಾಗ್ಯ. ಆದರೆ ನೀರಿನ ವಿಂಗಡಣೆ ಇಲ್ಲೂ ಕಣ್ಣೆದುರೇ ನಡೆದಿದೆ. ಗಡಹಿಂಗ್ಲಜದ ಕಡೆ ತೋಡಿದ ಯಾವುದಾದರೂ ಹಳೆಯ ಬಾವಿಯ ಗೋಡೆ ನೋಡಿ. ಗಟ್ಟಿ ಕರಿಕಲ್ಲಿನ ಕೆಳಗೆ ಗುಳ್ಳೆಗುಳ್ಳೆಯಾದ ಪದರ, ಗುಳ್ಳೆಗಳ ತುಂಬ ಬೆಳ್ಳಗಿನ ಹರಳು. ಲಾವಾ ಆರುವಾಗ ಗಾಳಿ ಹೋಗಿ ಉಳಿದ ಖಾಲಿ ಜಾಗದಲ್ಲಿ, ಕಲ್ಲಿನಿಂದ ಸೋಡಿಯಮ್, ಕ್ಯಾಲ್ಸಿಯಮ್, ಸಿಲಿಕಾ ಕರಗಿಸಿಕೊಂಡು ಬಂದ ನೀರು ಬಿಟ್ಟುಹೋದ ಜಿಯೊಲೈಟ್ ಹರಳುಗಳವು. ಬಾವಿಯ ಸೆಲೆ ಒಸರುವುದು ಹೆಚ್ಚಾಗಿ ಇಂಥ ಗುಳ್ಳೆ ಪದರದಿಂದ, ಎರಡು ಹರಿವುಗಳ ನಡುವಿನ ಸಂದಿಯಿಂದ.

ಗುಡ್ಡದ ಮೇಲೆ ನಡೆದದ್ದು ಇದರ ತಿರುವುಮುರುವು. ಪನ್ಹಾಳದ ನೆತ್ತಿಯ ಮೇಲೂ, ಗಡಹಿಂಗ್ಲಜದ ಹತ್ತಿರದ ಸಾಮಾನಗಡದಂಥ ಗುಡ್ಡಗಳ ಮೇಲೂ ಕೆಂಪು ಜಂಬಿಟ್ಟಿಗೆ ಇದೆ. ಲಕ್ಷಾಂತರ ವರ್ಷ ಮಳೆ ಕರಿಕಲ್ಲನ್ನು ತೊಳೆದು ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಸ್ಟ್ರಾನ್ಷಿಯಮ್, ಕೊನೆಗೆ ಸಿಲಿಕಾವನ್ನೂ ಒಯ್ದಿತು. ಕದಲದ ಕಬ್ಬಿಣ, ಅಲ್ಯೂಮಿನಿಯಮ್, ಟೈಟೇನಿಯಮ್, ನಿಯೋಬಿಯಮ್ ಉಳಿದವು. ತೊಳೆತ ಇನ್ನೂ ಮುಂದುವರಿದ ಕಡೆ ಅದು ಬಾಕ್ಸೈಟ್ ಆಯಿತು. ರಾಧಾನಗರಿ ತಾಲೂಕಿನ ದುರ್ಗಮಾನವಾಡಿಯ ಬಾಕ್ಸೈಟ್ ಬೆಳಗಾವಿಯ ಹಿಂಡಾಲ್ಕೊ ಅಲ್ಯೂಮಿನಾ ಕಾರ್ಖಾನೆಗೆ ಹೋದದ್ದು ಗಡಿಭಾಗದವರಿಗೆಲ್ಲ ಗೊತ್ತಿರುವ ಸಂಗತಿ. ಮೊಬೈಲು, ಎಲ್‌ಇಡಿ ದೀಪಗಳಿಗೆ ಬೇಕಾದ ಗ್ಯಾಲಿಯಮ್ ಕೂಡ ಅಲ್ಯೂಮಿನಿಯಮ್‌ನ ಬೆನ್ನಿಗೇ ಇರುವ ಧಾತು. ಜಗತ್ತಿಗೆಲ್ಲ ಅದು ಮುಖ್ಯವಾಗಿ ಬಾಕ್ಸೈಟಿನ ಸಂಸ್ಕರಣೆಯಿಂದಲೇ ಸಿಗುತ್ತದೆ.

ಗುಡ್ಡದಿಂದ ಹೊರಟದ್ದು ಬಯಲಿಗೆ ಬಂತು. ಶಿರೋಳ, ಹಾತಕಣಂಗಲೆ ತಾಲೂಕುಗಳ ಪಂಚಗಂಗಾ, ಕೃಷ್ಣಾ ದಂಡೆಯಲ್ಲಿ ಕಬ್ಬಿಗೆ ಹರಿಸಿದ ನೀರು ಇಂಗದೆ ನಿಂತು, ಬಿಸಿಲಿಗೆ ಆರಿ, ಉಪ್ಪನ್ನು ಮೇಲೆ ಬಿಟ್ಟು ಎಷ್ಟೋ ಹೊಲ ಸವಳು ಜವಳಾಗಿವೆ. ಬಿಳಿ ಪೊರೆ ಕಟ್ಟಿದ ಆ ನೆಲದಲ್ಲಿರುವುದು ಕರಿಕಲ್ಲು ಬಿಟ್ಟುಕೊಟ್ಟ ಸೋಡಿಯಮ್, ಮೆಗ್ನೀಸಿಯಮ್‌ಗಳೇ. ನದಿಗೆ ಸೇರುವ ಕಾರ್ಖಾನೆ ನೀರಿನ ರಸಾಯನವೂ ಇದೇ ನಿಯಮದ್ದು. ಬಟ್ಟೆಯ ಬಣ್ಣಗಾರಿಕೆಯ ರಸಾಯನಗಳಲ್ಲಿ ಕ್ರೋಮಿಯಮ್, ತಾಮ್ರ ಇರುವಂಥವು ಉಂಟು. ಕ್ರೋಮಿಯಮ್ ಒಂದು ರೂಪದಲ್ಲಿ ನೀರಿಗೆ ಸುಲಭವಾಗಿ ಇಳಿದು ದೂರ ಹೋಗುತ್ತದೆ, ವಿಷವೂ ಹೆಚ್ಚು. ಇನ್ನೊಂದು ರೂಪದಲ್ಲಿ ಕೆಸರಿಗೆ ಅಂಟಿ ಕೂರುತ್ತದೆ. ನೂರು ಕಿಲೊಮೀಟರ್ ಆಳದಲ್ಲಿ ಯುರೇನಿಯಮ್ ಮಾಡುವುದೂ ಇದನ್ನೇ. ಆಮ್ಲಜನಕ ಹೆಚ್ಚು ಸೇರಿದ ರೂಪದಲ್ಲಿ ನೀರಿನ ಜೊತೆ ಹೊರಡುತ್ತದೆ, ಕಡಿಮೆಯಾದರೆ ಥೋರಿಯಮ್‌ನಂತೆ ನಿಂತುಬಿಡುತ್ತದೆ. ಆದ್ದರಿಂದ ಎಷ್ಟು ಲೋಹ ನದಿಗೆ ಬಿತ್ತು ಎಂದು ಕೇಳಿದರೆ ಸಾಲದು, ಯಾವ ರೂಪದಲ್ಲಿ ಬಿತ್ತು ಎಂದೂ ಕೇಳಬೇಕು.

ಇಲ್ಲಿ ಓದುಗರಿಗೆ ಒಂದು ಮಾತು. ಈಗ ಊರೂರಿಗೆ ಟಿಡಿಎಸ್ ಮೀಟರ್ ಬಂದಿದೆ. ಬೋರಿನ ನೀರಿಗೆ ಅದ್ದಿ, ಅಂಕಿ ಕಡಿಮೆ ಬಂದರೆ ನೀರು ಚಲೋ ಎಂದು ಸಮಾಧಾನಪಡುತ್ತೇವೆ. ಆ ಮೀಟರ್ ತೋರಿಸುವುದು ಒಟ್ಟು ಕರಗಿದ ಉಪ್ಪಿನ ಅಂದಾಜು ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ, ಯುರೇನಿಯಮ್ 0.03 ಮಿಲಿಗ್ರಾಂ ಮೀರಬಾರದು. ಅದರ ಹತ್ತು ಪಟ್ಟು ಇದ್ದರೂ ಟಿಡಿಎಸ್ ಮೀಟರಿನ ಅಂಕಿ ಗೊತ್ತಾಗುವಷ್ಟು ಕದಲುವುದಿಲ್ಲ. ನಾಲಿಗೆಗಂತೂ ಗೊತ್ತೇ ಆಗುವುದಿಲ್ಲ. ಆದ್ದರಿಂದ ಹೊಸ ಬೋರು ಕೊರೆಸಿದಾಗ, ಅದರಲ್ಲೂ ಕರಿಕಲ್ಲಿನ ಅಡಿಯ ಹಳೆಯ ಶಿಲೆಯವರೆಗೆ ಇಳಿದಾಗ, ಅಥವಾ ಬಾವಿಯ ಪಕ್ಕದಲ್ಲಿ ಬಣ್ಣದ ಘಟಕ ಇದ್ದಾಗ, ಮಾದರಿಯನ್ನು ಸರಕಾರಿ ಪ್ರಯೋಗಾಲಯಕ್ಕೆ ಕೊಟ್ಟು ಆರ್ಸೆನಿಕ್, ಕ್ರೋಮಿಯಮ್, ಯುರೇನಿಯಮ್, ಫ್ಲೋರೈಡ್ ಇವನ್ನು ಬೇರೆ ಬೇರೆಯಾಗಿ ಅಳೆದುಕೊಡಿ ಎಂದು ಬರೆದು ಕೇಳಿ. ಗ್ರಾಮ ಪಂಚಾಯಿತಿಯ ಕುಡಿಯುವ ನೀರಿನ ವರದಿಯಲ್ಲಿ ಈ ಕಾಲಂಗಳು ಖಾಲಿ ಇದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕಾರಣ ಕೇಳಿ.